ಟೈಲ್ಸ್ ಹಿಂದೆ ಇಳಿಯುವ ನೀರು: ಬಚ್ಚಲ ಗೋಡೆಯ ವಾಟರ್‌ಪ್ರೂಫಿಂಗ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶವರ್ ಕೆಳಗಿನ ಗೋಡೆಯ ಬಗ್ಗೆಯೇ ಇದ್ದವು. ಟೈಲ್ಸ್ ಹಾಕುವ ಮೊದಲು ಗೋಡೆಗೆ ಏನು ಮಾಡಬೇಕು, ಯಾವಾಗ ಮಾಡಬೇಕು, ಮಾಡಿದ್ದು ಯಾಕೆ ಕೈಕೊಟ್ಟಿತು ಎಂಬ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಮೇಸ್ತ್ರಿ ನೆಲಕ್ಕೆ ಮಾತ್ರ ವಾಟರ್‌ಪ್ರೂಫಿಂಗ್ ಸಾಕು ಅಂತಾರೆ. ಗೋಡೆಗೆ ಹಾಕುತ್ತಿರುವುದು ವಿಟ್ರಿಫೈಡ್ ಟೈಲ್ಸ್, ಅದು ನೀರು ಕುಡಿಯುವುದಿಲ್ಲ, ಸಂದಿಗೆ ಎಪಾಕ್ಸಿ ತುಂಬುತ್ತೇನೆ, ಮತ್ತೆ ಯಾಕೆ ಖರ್ಚು ಎನ್ನುವುದು ಅವರ ವಾದ. ಸರಿಯೇ?

ಉತ್ತರ: ಟೈಲ್ಸ್ ನೀರು ಕುಡಿಯುವುದಿಲ್ಲ ಎನ್ನುವುದು ನಿಜ. ವಿಟ್ರಿಫೈಡ್ ಟೈಲ್ಸ್ ಹೀರುವುದು ತನ್ನ ತೂಕದ ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ. ಆದರೆ ನೀರು ಟೈಲ್ಸ್ ತೂರಿಕೊಂಡು ಹೋಗುವುದಿಲ್ಲ, ಸಂದಿಯಿಂದ ಹೋಗುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಟೈಲ್ಸ್ ಹಾಕಿದ ಶವರ್ ಮೂಲೆಯ ಲೆಕ್ಕ ನೋಡಿ. 77 ಚದರ ಅಡಿ ಗೋಡೆಗೆ ಸುಮಾರು 38 ಟೈಲ್ಸ್ ಬೇಕು, ಅವುಗಳ ನಡುವಿನ ಸಂದಿಯ ಒಟ್ಟು ಉದ್ದ 100 ಅಡಿ ದಾಟುತ್ತದೆ. ಅಷ್ಟೂ ಉದ್ದದಲ್ಲಿ ಎಲ್ಲೂ ಕೂದಲೆಳೆಯಷ್ಟು ಬಾಯಿ ಬಿಡಬಾರದು ಎಂದರೆ ಆಗುವ ಮಾತಲ್ಲ. ಸಂದಿಗೆ ತುಂಬುವ ಸಿಮೆಂಟ್ ಗ್ರೌಟ್ ಅಂತೂ ಸ್ವಭಾವದಿಂದಲೇ ನೀರು ಹೀರುತ್ತದೆ. ಎಪಾಕ್ಸಿ ಹೀರುವುದಿಲ್ಲ, ಆದರೆ ಗೋಡೆ ಸ್ವಲ್ಪ ಅಲುಗಿದರೂ ಟೈಲ್ಸ್ ಅಂಚಿನಿಂದ ಬಿಡುತ್ತದೆ, ಅದರಲ್ಲೂ ಮೂಲೆಗಳಲ್ಲಿ.

ನೆಲಕ್ಕೆ ಮಾತ್ರ ಹಾಕುವುದರಲ್ಲಿ ಇನ್ನೊಂದು ದೊಡ್ಡ ತೊಂದರೆ ಇದೆ, ಇದನ್ನು ಮೇಸ್ತ್ರಿಗೆ ಚಿತ್ರ ಬರೆದೇ ತೋರಿಸಿ. ಗೋಡೆಯ ಟೈಲ್ಸ್ ಹಿಂದೆ ಹೋದ ನೀರು ಗಾರೆಯೊಳಗೆ ಕೆಳಗಿಳಿಯುತ್ತದೆ. ನೆಲದ ಕೋಟಿಂಗನ್ನು ಗೋಡೆಯ ಮೇಲೆ ಅರ್ಧ ಅಡಿ ಹತ್ತಿಸಿ ನಿಲ್ಲಿಸಿದ್ದರೆ, ಗಾರೆಯಲ್ಲಿ ಇಳಿದ ನೀರು ಆ ಕೋಟಿಂಗಿನ ಹಿಂಬದಿಯಿಂದ ನೆಲದ ಅಡಿಗೆ ಹೋಗಿ ಸೇರುತ್ತದೆ. ಅಲ್ಲಿಂದ ಅದು ಮೇಲೆ ಬರದಂತೆ ತಡೆಯುವುದು ನೀವೇ ಬಳಿದ ಕೋಟಿಂಗ್! ಕೊನೆಗೆ ಅದಕ್ಕೆ ಉಳಿಯುವ ದಾರಿ ಎರಡೇ: ಕೆಳಗಿನ ಮನೆಯ ಚಾವಣಿ, ಇಲ್ಲವೇ ಪಕ್ಕದ ಕೋಣೆಯ ಗೋಡೆ. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ನೆಲದಿಂದ ಒಂದು, ಒಂದೂವರೆ ಅಡಿ ಎತ್ತರಕ್ಕೆ ಬಣ್ಣ ಉಬ್ಬಿ ಬಿಳಿ ಉಪ್ಪು ಬಿಡುವುದನ್ನು ನೀವು ನೋಡಿರಬಹುದು. ಅದರ ಮೂಲ ಹಲವು ಸಲ ಇದೇ.

ಶವರ್ ನೀರು ಬೀಳುವ ಗೋಡೆಗಳಿಗೆ 7 ಅಡಿ, ಶವರ್ ಅದಕ್ಕಿಂತ ಮೇಲಿದ್ದರೆ ಅದರ ಮೇಲೆ ಇನ್ನೂ ಅರ್ಧ ಅಡಿ ಎತ್ತರಕ್ಕೆ ಕೋಟಿಂಗ್ ಹಾಕಿ. ಉಳಿದ ಗೋಡೆಗಳಿಗೆ ಒಂದು ಅಡಿ ಸಾಕು. ಹಿಂಬದಿಯಲ್ಲಿ ಮರದ ಬೀರು ನಿಲ್ಲಿಸುವ ಗೋಡೆಯಾದರೆ ಅದನ್ನೂ ಪೂರ್ತಿ ಮಾಡಿಬಿಡಿ.

ಪ್ರಶ್ನೆ: ಗಾರೆಗೆ ವಾಟರ್‌ಪ್ರೂಫ್ ಲಿಕ್ವಿಡ್ ಬೆರೆಸಿಯೇ ಪ್ಲಾಸ್ಟರ್ ಮಾಡಿಸಿದ್ದೇವೆ. ಮೇಲೆ ಇನ್ನೊಂದು ಕೋಟಿಂಗ್ ಬೇಕೇ? ಬೇಕಿದ್ದರೆ ಯಾವ ಬಗೆಯದು?

ಉತ್ತರ: ಬೇಕು. 50 ಕೆಜಿ ಚೀಲಕ್ಕೆ ಸಾಮಾನ್ಯವಾಗಿ 200 ಮಿಲಿಯಷ್ಟು ಬೆರೆಸುವ ಆ ದ್ರವ ಗಾರೆಯ ರಂಧ್ರಗಳನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಗಾರೆ ಒಣಗುವಾಗ ಬಿಡುವ ಬಿರುಕನ್ನು ಅದು ಮುಚ್ಚಲಾರದು. ನೀರು ಬರುವುದು ಬಿರುಕಿನಿಂದ. ಬೆರೆಸಿದ್ದು ಒಳ್ಳೆಯದೇ ಆಯಿತು, ಆದರೆ ಅದನ್ನು ತಡೆಗೋಡೆ ಎಂದು ನಂಬಬೇಡಿ.

ಗಾರೆಯ ಗೋಡೆಗೆ ನಮ್ಮ ಮೊದಲ ಆಯ್ಕೆ ಎರಡು ಭಾಗದ ಸಿಮೆಂಟ್-ಪಾಲಿಮರ್ ಕೋಟಿಂಗ್. ಪುಡಿ ಒಂದು ಚೀಲ, ಹಾಲಿನಂಥ ದ್ರವ ಒಂದು ಕ್ಯಾನ್ ಬರುತ್ತದೆ. ಸ್ವಲ್ಪ ಹಸಿ ಇರುವ ಗೋಡೆಗೂ ಹಿಡಿಯುತ್ತದೆ, ಟೈಲ್ಸ್ ಅಂಟು ಇದರ ಮೇಲೆ ಚೆನ್ನಾಗಿ ಕೂರುತ್ತದೆ, ಕೆಲಸದವರಿಗೂ ಕೈಪಳಗಿದ ಮಾಲು. ಕೊಳ್ಳುವಾಗ ಹಿಗ್ಗುವ ಗುಣ ಇರುವುದನ್ನೇ ಕೇಳಿ. ಗಡಸಾಗಿ ಒಣಗುವ ಅಗ್ಗದ ಬಗೆ ಗೋಡೆ ಬಿರುಕು ಬಿಟ್ಟಾಗ ತಾನೂ ಸೀಳುತ್ತದೆ. ಟೈಲ್ಸ್ ಅಡಿಗೆ ಬಳಿಯುವ ಕೋಟಿಂಗಿಗೆ ಇಎನ್ 14891 ಎಂಬ ಯುರೋಪಿನ ಮಾನದಂಡವಿದೆ. ಅದರ ಪ್ರಕಾರ ಕೋಟಿಂಗ್ ಕನಿಷ್ಠ 0.75 ಮಿಮೀ ಬಿರುಕನ್ನು ಹರಿಯದೆ ದಾಟಬೇಕು. ಚೀಲದ ಮೇಲೆ ಆ ಸಂಖ್ಯೆ ಇದ್ದರೆ ಧೈರ್ಯವಾಗಿ ಕೊಳ್ಳಬಹುದು.

ಬಕೆಟ್‌ನಲ್ಲಿ ಸಿದ್ಧವಾಗಿ ಬರುವ ರಬ್ಬರಿನಂಥ ಅಕ್ರಿಲಿಕ್ ಕೋಟಿಂಗ್ ಸಿಮೆಂಟ್ ಬೋರ್ಡಿನ ಗೋಡೆಗೆ ಚೆನ್ನ. ಪಾಲಿಯುರಿಥೇನ್ ಬಹಳ ಹಿಗ್ಗುತ್ತದೆ, ಆದರೆ ಗೋಡೆ ಚೆನ್ನಾಗಿ ಒಣಗಿರಲೇಬೇಕು, ಜೊತೆಗೆ ಅದರ ನುಣುಪಾದ ಮೈಮೇಲೆ ಟೈಲ್ಸ್ ನಿಲ್ಲಿಸಲು ಕೊನೆಯ ಕೋಟ್ ಹಸಿ ಇರುವಾಗಲೇ ಒರಟು ಮರಳು ಎರಚಬೇಕು. ಮನೆಯ ಬಚ್ಚಲ ಗೋಡೆಗೆ ಇಷ್ಟು ಪಾಡು ಬೇಕಿಲ್ಲ ಎನ್ನುವುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಪ್ಲಾಸ್ಟರ್ ಆಗಿ ಹತ್ತು ದಿನವಾಯಿತು. ನಾವೇ ನಿಂತು ಕೆಲಸ ಮಾಡಿಸುತ್ತೇವೆ. ಯಾವುದರ ನಂತರ ಯಾವುದು ಎಂದು ಬಿಡಿಸಿ ಹೇಳಿ.

ಉತ್ತರ: ಮೊದಲು ಪೈಪುಗಳ ಒತ್ತಡ ಪರೀಕ್ಷೆ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಎಲ್ಲ ಬಾಯಿಗಳಿಗೂ ಪ್ಲಗ್ ಹಾಕಿಸಿ, ಹ್ಯಾಂಡ್ ಪಂಪ್ ಕಟ್ಟಿ, ಮಾಮೂಲಿ ಒತ್ತಡದ ಒಂದೂವರೆ ಪಟ್ಟು ಏರಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪಂಪಿನ ಒತ್ತಡ ಮಾಪಕದ ಮುಳ್ಳು ಇಳಿದಿದ್ದರೆ ಮುಂದಿನ ಯಾವ ಕೆಲಸವನ್ನೂ ಮುಟ್ಟಬೇಡಿ. ಗೋಡೆಯೊಳಗಿನ ಪೈಪು ಸೋರುತ್ತಿದ್ದರೆ ಮೇಲೆ ಎಂಥ ಕೋಟಿಂಗ್ ಬಳಿದರೂ ವ್ಯರ್ಥ.

ಹತ್ತು ದಿನದಲ್ಲಿ ಮೊದಲ ಏಳು ದಿನ ನೀರು ಹಾಕಿ ಕ್ಯೂರಿಂಗ್ ಮಾಡಿದ್ದೀರಿ ಎಂದುಕೊಳ್ಳುತ್ತೇವೆ. ಆದರೆ ಇನ್ನೊಂದು ಹತ್ತು-ಹನ್ನೆರಡು ದಿನ ಕಾದರೆ ಒಳ್ಳೆಯದು. ಗಾರೆ ಕುಗ್ಗಿ ಬಿಡುವ ಬಿರುಕುಗಳೆಲ್ಲ ಅಷ್ಟರಲ್ಲಿ ಕಣ್ಣಿಗೆ ಕಾಣುತ್ತವೆ. ಕೋಟಿಂಗ್ ಆದ ಮೇಲೆ ಬಿರುಕು ಬಿಡುವುದಕ್ಕಿಂತ ಮೊದಲೇ ಬಿಡಲಿ.

ಆಮೇಲೆ ಗೋಡೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಬನ್ನಿ. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದಲ್ಲೆಲ್ಲ ಗಾರೆ ಕೆತ್ತಿ ತೆಗೆದು ಹೊಸದು ಹಾಕಿಸಿ. ಗಾರೆಯ ಮೇಲೆ ಬರೀ ಸಿಮೆಂಟ್ ಹಾಲು ಬಳಿದು ನುಣುಪು ಮಾಡಿದ್ದರೆ ಆ ಪದರವನ್ನು ಉಜ್ಜಿ ತೆಗೆಯಲೇಬೇಕು, ಅದು ಮುಂದೆ ಕೋಟಿಂಗನ್ನೂ ಕಟ್ಟಿಕೊಂಡು ಎದ್ದು ಬರುತ್ತದೆ. ಆರು ಅಡಿ ಮಟ್ಟಗೋಲು ಇಟ್ಟಾಗ ಅಡಿಯಲ್ಲಿ 3-4 ಮಿಮೀಗಿಂತ ಹೆಚ್ಚು ತಗ್ಗು ಇದ್ದರೆ ಈಗಲೇ ಸರಿಮಾಡಿಸಿ. ಕೋಟಿಂಗಿನಿಂದ ತಗ್ಗು ತುಂಬಿಸಲು ಬರುವುದಿಲ್ಲ. ನೆಲದ ವಾಟವೂ (ಇಳಿಜಾರು) ಈ ಹಂತದಲ್ಲೇ ಗಾರೆಯಲ್ಲಿ ಆಗಬೇಕು, ಒಂದು ಅಡಿ ಉದ್ದಕ್ಕೆ 4 ಮಿಮೀ ಲೆಕ್ಕದಲ್ಲಿ. ಟೈಲ್ಸ್ ಹಾಕುವಾಗ ವಾಟ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಟೈಲ್ಸ್ ಅಡಿಗೆ ಹೋದ ನೀರು ಕೋಟಿಂಗಿನ ಮೇಲೆ ನಿಲ್ಲದೆ ಟ್ರ್ಯಾಪಿಗೆ (ನೆಲದ ನೀರು ಹೊರಹೋಗುವ ಬಾಯಿಗೆ) ಹರಿಯಬೇಕಲ್ಲ?

ಈಗ ಮೂಲೆಗಳು. ಇಲ್ಲಿ ಅವಸರ ಬೇಡ, ಸೋರಿಕೆಯ ಹೆಚ್ಚಿನ ಪಾಲು ಇಲ್ಲಿಂದಲೇ ಶುರುವಾಗುವುದು. ಗೋಡೆ ಮತ್ತು ನೆಲ ಬಿಸಿಲು-ತಂಪಿಗೆ, ಭಾರಕ್ಕೆ ಬೇರೆ ಬೇರೆ ದಿಕ್ಕಿಗೆ ಅಲುಗುತ್ತವೆ. ಮೂಲೆಯ ಗೆರೆಯಲ್ಲಿ ಬಿರುಕು ಬರುವುದು ಖಂಡಿತ ಎಂದುಕೊಂಡೇ ಕೆಲಸ ಮಾಡಿ. ಒಂದು ಸಿಮೆಂಟಿಗೆ ಮೂರು ಮರಳಿನ ಗಾರೆಯಿಂದ ಮೂಲೆಯುದ್ದಕ್ಕೂ ಒಂದು ಇಂಚಿನ ಓರೆ ಪಟ್ಟಿ ಕಟ್ಟಿ (ಕೋವಿಂಗ್ ಎಂದರೆ ಕೆಲಸದವರಿಗೆ ತಿಳಿಯುತ್ತದೆ). ಅದು ಗಟ್ಟಿಯಾದ ಮೇಲೆ ಆರು ಇಂಚು ಅಗಲದ ಫೈಬರ್ ಜಾಲರಿಯನ್ನು ಮೂರು ಇಂಚು ಗೋಡೆಗೆ, ಮೂರು ಇಂಚು ನೆಲಕ್ಕೆ ಬರುವಂತೆ, ಹಸಿ ಕೋಟಿಂಗಿನಲ್ಲಿ ಒತ್ತಿ ಕೂರಿಸಿ, ಮೇಲೆ ಮತ್ತೆ ಕೋಟಿಂಗ್ ಎಳೆಯಿರಿ. ಒಣ ಗೋಡೆಗೆ ಜಾಲರಿ ಅಂಟಿಸಿ ಮೇಲಿಂದ ಬಳಿದರೆ ಹಿಂದೆ ಗಾಳಿ ಉಳಿದು ಅಷ್ಟೂ ಪೊಳ್ಳಾಗುತ್ತದೆ. ಜಾಲರಿಯ ಬದಲು ಮೂಲೆಗೆಂದೇ ಬರುವ ರಬ್ಬರ್ ಟೇಪ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ನಡುಭಾಗ ಗೋಡೆಗೆ ಅಂಟದೆ ಹಿಗ್ಗಲು ಸ್ವತಂತ್ರವಾಗಿರುತ್ತದೆ. ಗೋಡೆ-ಗೋಡೆ ಸೇರುವ ನೇರ ಮೂಲೆಗಳಿಗೂ ಇದೇ ಕ್ರಮ.

ಕೋಟಿಂಗ್ ಕಲಸುವಾಗ ಬಕೆಟ್‌ಗೆ ಮೊದಲು ದ್ರವ, ಆಮೇಲೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ನಿಧಾನವಾಗಿ ತಿರುಗುವ ಡ್ರಿಲ್ಲಿನಿಂದ ಮೂರು ನಿಮಿಷ. ವೇಗ ಹೆಚ್ಚಾದರೆ ಗಾಳಿ ಸೇರಿ ಗುಳ್ಳೆ ಬರುತ್ತದೆ. ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ತಿರುಗಿಸಿ. ಅರ್ಧದಿಂದ ಒಂದು ಗಂಟೆಯೊಳಗೆ ಮುಗಿಯುವಷ್ಟೇ ಕಲಸಿ. ಗಟ್ಟಿಯಾಗತೊಡಗಿದ್ದಕ್ಕೆ ನೀರು ಸುರಿಯುವವರನ್ನು ತಡೆಯಿರಿ, ಅಲ್ಲಿಗೆ ಆ ಕೋಟಿಂಗಿನ ಶಕ್ತಿ ಹೋಯಿತು.

ಗೋಡೆಗೆ ನೀರು ಚಿಮುಕಿಸಿ, ಮೈಮೇಲಿನ ಹೊಳಪು ಆರುವವರೆಗೆ ಬಿಡಿ. ಕೈಯಿಟ್ಟರೆ ತಂಪು ತಾಗಬೇಕು, ಅಂಗೈ ಒದ್ದೆಯಾಗಬಾರದು. ಆಗ ಮೊದಲ ಕೋಟನ್ನು ಅಡ್ಡಡ್ಡ ಎಳೆಯಿರಿ. ನಾಲ್ಕರಿಂದ ಆರು ಗಂಟೆ ಬಿಟ್ಟು, ಬೆರಳಿಗೆ ಅಂಟದಂತಾದ ಮೇಲೆ ಎರಡನೆಯದನ್ನು ಉದ್ದುದ್ದ ಎಳೆಯಿರಿ. ಎರಡೂ ಸೇರಿ ಒಣಗಿದ ದಪ್ಪ 1 ಮಿಮೀಗೆ ಕಡಿಮೆ ಇರಬಾರದು. ಎರಡು ಕೋಟಿಗೆ ಎರಡು ಬಣ್ಣ ಸಿಕ್ಕರೆ ಬಿಟ್ಟುಹೋದ ಜಾಗ ದೂರದಿಂದಲೇ ಕಾಣುತ್ತದೆ. ಗೋಡೆ ಮುಗಿಸಿ ಕೊನೆಗೆ ನೆಲ ಮಾಡಿ, ಟ್ರ್ಯಾಪಿನ ಬಾಯೊಳಗೂ ಕೋಟಿಂಗ್ ಇಳಿಯಲಿ. ಟೈಲ್ಸ್‌ಗೆ ಮೊದಲು ಚೀಲದ ಮೇಲೆ ಬರೆದಷ್ಟು ದಿನ, ಸಾಮಾನ್ಯವಾಗಿ ಮೂರರಿಂದ ಏಳು ದಿನ, ಬಿಡಿ.

ಪ್ರಶ್ನೆ: 7 ಅಡಿಗೆ 5 ಅಡಿ ಬಚ್ಚಲಿಗೆ ಎಷ್ಟು ಕೆಜಿ ತರಬೇಕು? ಅಂಗಡಿಯವರು 10 ಕೆಜಿ ಸಾಕೆನ್ನುತ್ತಾರೆ.

ಉತ್ತರ: ನೆಲ 35 ಚದರ ಅಡಿ. ಶವರ್ ಮೂಲೆಯಲ್ಲಿ 5 ಅಡಿ ಗೋಡೆ, ಎರಡು ಬದಿಗೆ ಮೂರು ಮೂರು ಅಡಿ, ಒಟ್ಟು 11 ಅಡಿ. 7 ಅಡಿ ಎತ್ತರಕ್ಕೆ 77 ಚದರ ಅಡಿ. ಬಾಗಿಲಿನ ಎರಡೂವರೆ ಅಡಿ ಕಳೆದು ಉಳಿದ ಗೋಡೆ ಹತ್ತೂವರೆ ಅಡಿ, ಒಂದು ಅಡಿ ಎತ್ತರಕ್ಕೆ ಹತ್ತೂವರೆ ಚದರ ಅಡಿ. ಎಲ್ಲ ಸೇರಿ 122 ಚದರ ಅಡಿ ದಾಟಿತು, ಅಂದರೆ ಹನ್ನೊಂದೂಕಾಲು ಚದರ ಮೀಟರಿಗಿಂತ ತುಸು ಹೆಚ್ಚು. ಸಿಮೆಂಟ್-ಪಾಲಿಮರ್ ಕೋಟಿಂಗ್ 1 ಮಿಮೀ ದಪ್ಪಕ್ಕೆ ಚದರ ಮೀಟರಿಗೆ ಸುಮಾರು 1.8 ಕೆಜಿ ಎಳೆಯುತ್ತದೆ. ಸುಮಾರು ಇಪ್ಪತ್ತೂವರೆ ಕೆಜಿ ಆಯಿತು, ಮೂಲೆ-ಜಾಲರಿಗೆ ನೂರಕ್ಕೆ ಹತ್ತರಷ್ಟು ಸೇರಿಸಿ 22-23 ಕೆಜಿ.

10 ಕೆಜಿಯಲ್ಲಿಯೂ ಗೋಡೆ ಪೂರ್ತಿ ಬಣ್ಣ ಹೊಡೆದಂತೆ ಕಾಣುತ್ತದೆ. ಆದರೆ ದಪ್ಪ ಅರ್ಧ ಮಿಮೀಗೂ ಬರುವುದಿಲ್ಲ. ಕೆಲಸ ಸರಿಯಾಗಿದೆಯೇ ಎಂದು ನೋಡಲು ಅತಿ ಸುಲಭದ ದಾರಿ ಖಾಲಿಯಾದ ಚೀಲಗಳನ್ನು ಎಣಿಸುವುದು.

ಪ್ರಶ್ನೆ: ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ, ಗೋಡೆಯೊಳಗೆ ಕೂರುವ ಡೈವರ್ಟರ್ ಹಾಕಿಸಿದ್ದೇವೆ. ಅದರ ಸುತ್ತ ಕೋಟಿಂಗ್ ಹೇಗೆ ಮುಗಿಸಬೇಕು?

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ. ಗೋಡೆಯ ನಡುವೆ ಕೋಟಿಂಗ್ ತೂತಾಗಿರುವುದು ಡೈವರ್ಟರ್ ಮತ್ತು ಪೈಪು ಬಾಯಿಗಳ ಜಾಗದಲ್ಲೇ, ನೀರು ಬೀಳುವುದೂ ಸರಿಯಾಗಿ ಇಲ್ಲಿಗೇ.

ಮೊದಲು ಆಳ. ಡೈವರ್ಟರಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕನಿಷ್ಠ, ಗರಿಷ್ಠ ಎಂಬ ಎರಡು ಗೆರೆಗಳಿರುತ್ತವೆ. ಸಿದ್ಧಗೊಂಡ ಟೈಲ್ಸ್ ಮೈ ಆ ಎರಡರ ನಡುವೆ ಬರಬೇಕು. ಗಾರೆಯ ಮೈಯಿಂದ ಮುಂದಕ್ಕೆ ಕೋಟಿಂಗ್ 1ರಿಂದ ಒಂದೂವರೆ, ಅಂಟು 4ರಿಂದ 6, ಟೈಲ್ಸ್ 9-10 ಮಿಮೀ, ಒಟ್ಟು 16 ಮಿಮೀ ಆಸುಪಾಸು ಹಿಡಿಯಿರಿ. ಈ ಲೆಕ್ಕ ತಪ್ಪಿದರೆ ಆಮೇಲೆ ಹಿಡಿಕೆ ಕೂರದೆ, ಗೋಡೆ ಕೆತ್ತಿ ಕೋಟಿಂಗ್ ಹಾಳುಮಾಡುತ್ತಾರೆ.

ಪೈಪಿನ ಕಾಲುವೆಯನ್ನು ಗಾರೆಯಿಂದ ಗಟ್ಟಿಯಾಗಿ ತುಂಬಿ, ಗಾರೆಯ ಮತ್ತು ಹಳೆಯ ಗೋಡೆಯ ಕೂಡುಗೆರೆಯ ಮೇಲೆ ಜಾಲರಿ ಬರಲಿ. ಶವರ್ ಮತ್ತು ನಲ್ಲಿಯ ಪೈಪು ಬಾಯಿಗಳಿಗೆ ಎರಡು ಇಂಚು ಹೊರಗೆ ಚಾಚುವ ಉದ್ದ ಪ್ಲಗ್ ಹಾಕಿಸಿ. ಬಾಯಿ ಗೋಡೆಯ ಒಳಗೇ ಇದ್ದರೆ ಕೋಟಿಂಗ್ ಯಾವುದಕ್ಕೆ ಹಿಡಿದುಕೊಳ್ಳಬೇಕು? ಪೈಪಿನ ಸುತ್ತ ಕಿರುಬೆರಳಗಲ, 10 ಮಿಮೀ ಆಳ ಗಾರೆ ಕೆತ್ತಿ, ಪಾಲಿಯುರಿಥೇನ್ ಸೀಲಂಟ್ ತುಂಬಿ ಒಂದು ದಿನ ಬಿಡಿ. ಪೈಪಿನ ಪ್ಲಾಸ್ಟಿಕ್ ಮೈಯನ್ನು ಮರಳು ಕಾಗದದಿಂದ ಉಜ್ಜಿ ಹೊಳಪು ತೆಗೆಯಿರಿ. ಆಮೇಲೆ ರಬ್ಬರ್ ಕಾಲರನ್ನು, ಅದರ ತೂತು ಪೈಪಿಗಿಂತ ಸ್ವಲ್ಪ ಚಿಕ್ಕದಿದ್ದು ಬಿಗಿಯಾಗಿ ಕೂರುವಂತೆ, ಹಸಿ ಕೋಟಿಂಗಿನ ಮೇಲೆ ಒತ್ತಿ ಮೇಲೊಂದು ಕೋಟ್ ಎಳೆಯಿರಿ. ಡೈವರ್ಟರ್ ಮುಚ್ಚಳಕ್ಕೂ ಅಗಲವಾದ ಕಾಲರ್ ಸಿಗುತ್ತದೆ.

ಟೈಲ್ಸ್ ಆದ ಮೇಲೆ ಪೈಪಿನ ಸುತ್ತ ಉಳಿಯುವ ತೂತಿಗೆ ಸಿಲಿಕೋನ್ ತುಂಬಿಯೇ ಸ್ಟೀಲ್ ಫ್ಲಾಂಜ್ (ತೂತು ಮರೆಮಾಡುವ ಬಿಲ್ಲೆ) ಕೂರಿಸಬೇಕು. ಫ್ಲಾಂಜ್ ಅಂದಕ್ಕೆ ಇರುವುದು, ಅದು ನೀರು ತಡೆಯುವುದಿಲ್ಲ.

ಪ್ರಶ್ನೆ: ಕೋಟಿಂಗ್ ಹಾಕಿದ ಮರುದಿನ ಒಣಗಿದ ಕೆರೆಯಂಗಳದಂತೆ ಬಿರುಕು ಬಿಟ್ಟಿದೆ. ಕೆಲವು ಕಡೆ ಸೂಜಿಮೊನೆ ತೂತುಗಳೂ ಇವೆ. ಮೇಲೆ ಇನ್ನೊಂದು ಕೋಟ್ ಬಳಿದರೆ ಸಾಕೇ?

ಉತ್ತರ: ಕೆರೆಯಂಗಳದ ಬಿರುಕು ಬರುವುದು ಎರಡು ಕೋಟಿನ ಮಾಲನ್ನು ಒಂದೇ ಸಲ ದಪ್ಪವಾಗಿ ಬಳಿದಾಗ, ಇಲ್ಲವೇ ಕಾದ ಗೋಡೆ ಕೋಟಿಂಗಿನ ನೀರನ್ನು ಒಮ್ಮೆಲೇ ಹೀರಿದಾಗ. ಸೂಜಿ ತೂತುಗಳು ಒಣ ಗಾರೆಯೊಳಗಿನ ಗಾಳಿ ಹೊರಬಂದ ಗುರುತು. ತೂತುಗಳಿಗಷ್ಟೇ ಆದರೆ ಗೋಡೆ ತಂಪು ಮಾಡಿ ಬ್ರಷ್ಷಿನಿಂದ ಒತ್ತಿ ಇನ್ನೊಂದು ಕೋಟ್ ಸಾಕು. ಬಿರುಕು ಬಿಟ್ಟ ಕಡೆ ಮಾತ್ರ ಚಾಕುವಿನಿಂದ ಅಂಚು ಎಬ್ಬಿಸಿ ನೋಡಿ: ಸಿಪ್ಪೆಯಂತೆ ಏಳುತ್ತಿದ್ದರೆ ಅಷ್ಟನ್ನೂ ಕೆರೆದು ತೆಗೆಯಬೇಕು. ಸಡಿಲವಾದ ಪದರದ ಮೇಲೆ ಎಷ್ಟು ಬಳಿದರೂ ಅದು ಅಡಿಯ ಪದರದ ಜೊತೆಗೇ ಬೀಳುತ್ತದೆ.

ಪ್ರಶ್ನೆ: ನೆಲಕ್ಕೆ ನೀರು ನಿಲ್ಲಿಸಿ ಪರೀಕ್ಷೆ ಮಾಡುತ್ತಾರಂತೆ. ಗೋಡೆಗೆ ಹೇಗೆ?

ಉತ್ತರ: ಟ್ರ್ಯಾಪಿಗೆ ಬಿರಡೆ ಬಡಿದು, ಬಾಗಿಲಿಗೆ ಚಿಕ್ಕ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ 48 ಗಂಟೆ ಬಿಡಿ. ಪಕ್ಕದಲ್ಲೇ ಒಂದು ಅಗಲ ಬಾಯಿಯ ಪಾತ್ರೆಯಲ್ಲೂ ಅಷ್ಟೇ ನೀರಿಟ್ಟರೆ, ಆವಿಯಾಗಿ ಹೋದದ್ದೆಷ್ಟು ಎಂದು ತಿಳಿಯುತ್ತದೆ. ನೆಲದ ನೀರು ಪಾತ್ರೆಗಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ದಾರಿ ಇದೆ. ಕೋಟಿಂಗ್ ಪೂರ್ತಿ ಹದಕ್ಕೆ ಬರುವ ಮೊದಲು ಈ ಪರೀಕ್ಷೆ ಮಾಡಬೇಡಿ.

ಗೋಡೆಗೆ ನೀರು ನಿಲ್ಲಿಸಲು ಬರುವುದಿಲ್ಲ. ಪೈಪಿನಿಂದ ಮೂಲೆಗಳಿಗೆ, ಡೈವರ್ಟರ್ ಸುತ್ತ ಅರ್ಧ ಗಂಟೆ ನೀರು ಹರಿಸಿ, ಹಿಂಬದಿಯ ಗೋಡೆಯನ್ನು ಮರುದಿನದವರೆಗೆ ನೋಡಿ. ಅದಕ್ಕಿಂತ ಹೆಚ್ಚಾಗಿ, ಕತ್ತಲೆ ಮಾಡಿ ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಹಾಯಿಸಿ. ಎದುರಿನಿಂದ ಕಾಣದ ತೂತು, ತೆಳು ಜಾಗ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ.

ಪ್ರಶ್ನೆ: ಕೋಟಿಂಗ್ ಮೇಲೆ ಹಾಕಿದ ಟೈಲ್ಸ್ ಆರೇ ತಿಂಗಳಲ್ಲಿ ಬಿಟ್ಟು ಬಂದವು. ಹಿಂದೆ ಸಿಮೆಂಟ್ ಹಾಗೇ ಅಂಟಿದೆ, ಗೋಡೆಯ ಕೋಟಿಂಗ್ ಮಾತ್ರ ನುಣ್ಣಗೆ ಉಳಿದಿದೆ.

ಉತ್ತರ: ಬರೀ ಸಿಮೆಂಟ್ ಹಾಲಿನಿಂದ ಟೈಲ್ಸ್ ಕೂರಿಸಿದ್ದಾರೆ. ಸಾದಾ ಸಿಮೆಂಟ್ ಹಿಡಿಯಬೇಕಾದರೆ ಎದುರಿನ ಮೈ ನೀರು ಹೀರಬೇಕು. ಇಲ್ಲಿ ಕೋಟಿಂಗ್ ಹೀರುವುದಿಲ್ಲ, ವಿಟ್ರಿಫೈಡ್ ಆದರೆ ಟೈಲ್ಸೂ ಹೀರುವುದಿಲ್ಲ. ಪಾಲಿಮರ್ ಬೆರೆತ ಟೈಲ್ಸ್ ಅಂಟೇ ಬೇಕು, ಚೀಲದ ಮೇಲೆ ಸಿ2 ಎಂದಿರುವುದು. 8-10 ಮಿಮೀ ಹಲ್ಲಿನ ಕರಣೆಯಿಂದ ಗೋಡೆಗೆ ಸಾಲು ಎಳೆದು, ದೊಡ್ಡ ಟೈಲ್ಸ್ ಆದರೆ ಅದರ ಬೆನ್ನಿಗೂ ತೆಳ್ಳಗೆ ಸವರಿ ಒತ್ತಿ ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಮೆತ್ತುವ ಪದ್ಧತಿಯಲ್ಲಿ ನಡುವೆ ಉಳಿಯುವ ಪೊಳ್ಳು ನೀರಿನ ತೊಟ್ಟಿಯಾಗುತ್ತದೆ. ಕೂರಿಸಿದ ಮೊದಲ ಟೈಲ್ಸ್ ಒಂದನ್ನು ಆಗಲೇ ಕಿತ್ತು ಬೆನ್ನು ನೋಡಿ, ಅಂಟು ಪೂರ್ತಿ ತಾಗಿರಬೇಕು. ಮೂಲೆಯ ಸಂದಿಗಳಿಗೆ ಗ್ರೌಟ್ ಬೇಡ, ಬೂಷ್ಟು ತಡೆಯುವ ಸಿಲಿಕೋನ್ ಹಾಕಿ.

ಪ್ರಶ್ನೆ: ಜಿಪ್ಸಂ ಪ್ಲಾಸ್ಟರ್ ಗೋಡೆಗೆ ಒಳ್ಳೆಯ ಕೋಟಿಂಗ್ ಹಾಕಿ ಟೈಲ್ಸ್ ಹಾಕಬಹುದೇ?

ಉತ್ತರ: ಶವರ್ ಗೋಡೆಗೆ ಬೇಡ. ಜಿಪ್ಸಂ ಒದ್ದೆಯಾದರೆ ಮೆದುವಾಗುತ್ತದೆ, ಸಿಮೆಂಟಿನ ಜೊತೆ ತೇವದಲ್ಲಿ ಸೇರಿದರೆ ಉಬ್ಬಿ ಪದರ ಬಿಡುತ್ತದೆ. ಕೆತ್ತಿ ತೆಗೆದು ಸಿಮೆಂಟ್ ಗಾರೆ ಮಾಡಿಸಿ.

ಪ್ರಶ್ನೆ: ಹಳೆಯ ಬಚ್ಚಲು, ಹಿಂದಿನ ಕೋಣೆಯ ಗೋಡೆ ಸದಾ ತೇವ. ಟೈಲ್ಸ್ ಒಡೆಯದೆ ಸರಿಪಡಿಸಲು ಸಾಧ್ಯವೇ?

ಉತ್ತರ: ಮೊದಲು ನೀರು ಎಲ್ಲಿಂದ ಎಂದು ಗೊತ್ತುಮಾಡಿಕೊಳ್ಳಿ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ರಾತ್ರಿ ನೀರಿನ ಮೀಟರ್ ನೋಡಿ, ಬೆಳಿಗ್ಗೆ ಅಂಕಿ ಸರಿದಿದ್ದರೆ ನೀರು ತುಂಬಿರುವ ಪೈಪೇ ಎಲ್ಲೋ ಸೋರುತ್ತಿದೆ. ಸರಿಯದಿದ್ದರೆ ಆ ಬಚ್ಚಲನ್ನು ಹತ್ತು ದಿನ ಬಳಸಬೇಡಿ. ತೇವದ ಗೋಡೆಯ ಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಮೊದಲ ದಿನ ಮತ್ತು ಹತ್ತನೆಯ ದಿನ ಹದಿನಾರು ಗಂಟೆ ಬಿಟ್ಟು ಒಳಗಿನ ಹನಿಗಳನ್ನು ಹೋಲಿಸಿ. ಕಡಿಮೆಯಾಗಿದ್ದರೆ ನೀರು ಸಂದಿಗಳಿಂದ, ಇಲ್ಲವೇ ಬಳಸಿದಾಗ ಮಾತ್ರ ನೀರು ಹರಿಯುವ ಹೊರಹೋಗುವ ಪೈಪಿನಿಂದ ಬರುತ್ತಿದೆ. ಇವೆರಡನ್ನು ಬೇರ್ಪಡಿಸುವುದು ಸುಲಭ: ಎರಡು ದಿನ ಗೋಡೆಗೆ ಹನಿಯೂ ತಾಗದಂತೆ ಬಕೆಟ್‌ನಿಂದ ನೇರವಾಗಿ ಟ್ರ್ಯಾಪಿಗೆ ನೀರು ಸುರಿದು ನೋಡಿ, ತೇವ ಮರಳಿದರೆ ಹೊರಹೋಗುವ ಪೈಪು, ಇಲ್ಲದಿದ್ದರೆ ಸಂದಿ.

ಸಂದಿಗಳೇ ಕಾರಣವಾದರೆ ಹಳೆಯ ಗ್ರೌಟನ್ನು ಕನಿಷ್ಠ 3 ಮಿಮೀ ಆಳಕ್ಕೆ ಕೆರೆದು, ಒಂದು ವಾರ ಒಣಗಿಸಿ, ಎಪಾಕ್ಸಿ ತುಂಬಿ, ಮೂಲೆಗಳಿಗೂ ಪೈಪಿನ ಸುತ್ತಕ್ಕೂ ಹೊಸ ಸಿಲಿಕೋನ್ ಹಾಕಿಸಿ. ಇದರಿಂದ ಕೆಲವು ವರ್ಷ ನೆಮ್ಮದಿ ಸಿಗಬಹುದು. ಆದರೆ ಹಿಂದೆ ಕೋಟಿಂಗೇ ಇಲ್ಲದ ಗೋಡೆ ಇದರಿಂದ ವಾಟರ್‌ಪ್ರೂಫ್ ಆಗುವುದಿಲ್ಲ. ಟೈಲ್ಸ್ ಮೇಲೆ ಬಳಿಯುವ ಪಾರದರ್ಶಕ ದ್ರವಗಳ ಮೇಲೆ ಭರವಸೆ ಇಡಬೇಡಿ. ತಟ್ಟಿದಾಗ ಮೂರರಲ್ಲೊಂದು ಟೈಲ್ಸ್ ಟೊಳ್ಳು ಸದ್ದು ಕೊಟ್ಟರೆ ಶವರ್ ಮೂಲೆಯ ಗೋಡೆಗಳನ್ನಷ್ಟಾದರೂ ಇಟ್ಟಿಗೆಯವರೆಗೆ ಕೆತ್ತಿಸಿ. ಹಿಂದಿನ ಕೋಣೆಯ ಗೋಡೆಗೆ ಬಣ್ಣ ಹೊಡೆಸಲು ಮಾತ್ರ ಅವಸರ ಮಾಡಬೇಡಿ: ಇಟ್ಟಿಗೆಯೊಳಗಿನ ನೀರು ಆರಲು ತಿಂಗಳುಗಳೇ ಬೇಕು, ಪ್ಲಾಸ್ಟಿಕ್ ಹಾಳೆಯಲ್ಲಿ ಹನಿ ಕಾಣದಂತಾದ ಮೇಲೆಯೇ ಪುಟ್ಟಿ ಮುಟ್ಟಿ.